ಮರಗಟ್ಟಿದ ಗದ್ದಕ್ಕೆ ಬಿಸಿ ಬಟ್ಟೆ

ಇಸ್ತ್ರಿ ಅಂಗಡಿಯ ರೇಡಿಯೋ ನಿಂತುಹೋಗಿತ್ತು.

ರೇಡಿಯೋ ಅಂದರೆ ಪೆಟ್ಟಿಗೆಯಲ್ಲ, ಮನುಷ್ಯ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದಾಗ ಶುರುವಾದ ಮಾತು ಸಂಜೆ ಬಾಗಿಲು ಹಾಕುವವರೆಗೂ ನಿಲ್ಲುತ್ತಿರಲಿಲ್ಲ. ಅದಕ್ಕೇ ಬೀದಿಯವರು ಆ ಹೆಸರು ಇಟ್ಟಿದ್ದರು. ಒಂದು ದಿನ ಸ್ಕೂಟರಿನ ಹಿಂದೆ ಬಟ್ಟೆ ಗಂಟು ಕಟ್ಟಿಕೊಂಡು ಹೋಗುವಾಗ ಗಂಟಿನ ತುದಿ ಬಿಚ್ಚಿಕೊಂಡು ಚಕ್ರಕ್ಕೆ ಸಿಕ್ಕಿತು. ರೇಡಿಯೋ ಮುಖ ಅಡಿಯಾಗಿ ಬಿದ್ದ. ಗದ್ದ ರಸ್ತೆಯಂಚಿನ ಕಲ್ಲಿಗೆ ಬಡಿಯಿತು. ಕೆಳದವಡೆ ಎರಡು ಕಡೆ ಮುರಿಯಿತು. ಬಟ್ಟೆ ಮಾತ್ರ ಒಂದೂ ಹರಿದಿರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮುರಿದ ಮೂಳೆಗೆ ಸಣ್ಣ ಪಟ್ಟಿ ಇಟ್ಟು ಸ್ಕ್ರೂ ಹಾಕಿದರು. ಮೇಲಿನ ಹಲ್ಲು, ಕೆಳಗಿನ ಹಲ್ಲು ಸರಿಯಾಗಿ ಒಂದರ ಮೇಲೊಂದು ಕೂತಿರಲಿ ಎಂದು ತಂತಿ ಕಟ್ಟಿ, ಪುಟ್ಟ ಪುಟ್ಟ ರಬ್ಬರ್ ಬ್ಯಾಂಡ್ ಎಳೆದು ಬಾಯಿ ಮುಚ್ಚಿಸಿದರು.

ಮನೆಗೆ ಕಳಿಸುವಾಗ ವಾರ್ಡಿನ ನರ್ಸ್ ಅವನ ಹೆಂಡತಿಯನ್ನು ನಿಲ್ಲಿಸಿಕೊಂಡು ಬಹಳ ಹೊತ್ತು ಹೇಳಿದಳು. ಹೆಂಡತಿ ಎಲ್ಲಕ್ಕೂ ತಲೆ ಆಡಿಸಿದಳು. ಬೆಂಚಿನ ಮೇಲೆ ಕೂತೇ ರಾತ್ರಿಗಳನ್ನು ಕಳೆದವಳು ಅವಳು. ಕಣ್ಣು ತೆರೆದಿತ್ತು, ಕಿವಿ ಮಲಗಿತ್ತು. "ಗೊತ್ತಾಯ್ತಾ?" ಎಂದಿದ್ದಕ್ಕೂ "ಹ್ಞೂಂ" ಅಂದಳು. ಕೊನೆಗೆ ಆ ನರ್ಸ್ ಒಂದು ಸಣ್ಣ ಕತ್ತರಿ ಕೈಗಿಟ್ಟು, "ಇದು ಸದಾ ಹತ್ತಿರ ಇರಲಿ" ಅಂದದ್ದು ಮಾತ್ರ ನೆನಪಿನಲ್ಲಿ ಉಳಿಯಿತು. ಯಾಕೆ ಎಂದು ಹೇಳಿದ್ದು ಉಳಿಯಲಿಲ್ಲ.

ಅವರ ಮನೆ ಎರಡೇ ಕೋಣೆ. ಮುಂದಿನದು ಅಂಗಡಿ. ಅಲ್ಲಿ ಕಂಬಳಿ ಹಾಸಿದ ಉದ್ದನೆಯ ಮೇಜು, ಒಂದು ಕರೆಂಟ್ ಇಸ್ತ್ರಿಪೆಟ್ಟಿಗೆ, ಕರೆಂಟ್ ಹೋದಾಗ ಇರಲಿ ಎಂದು ಒಂದು ಕೆಂಡದ ಪೆಟ್ಟಿಗೆ. ಹಿಂದಿನ ಕೋಣೆ ಅಡುಗೆಗೂ ಅದೇ, ಮಲಗುವುದಕ್ಕೂ ಅದೇ. ನಡುವೆ ಒಂದು ಪರದೆ. ಪರದೆಯ ಆಚೆ ಮಂಚದ ಮೇಲೆ ಗಂಡ. ಈಚೆ ಮೇಜಿನ ಮುಂದೆ ಹೆಂಡತಿ. ಒಂದು ಅಂಗಿ ಮುಗಿಸುವಷ್ಟರಲ್ಲಿ ಆಚೆಯಿಂದ ಮಂಚದ ಕಟ್ಟು ಬಡಿದ ಸದ್ದು ಬರುತ್ತಿತ್ತು. ಪೆಟ್ಟಿಗೆ ನಿಲ್ಲಿಸಿ ಓಡಬೇಕು, ಜೊಲ್ಲು ಒರೆಸಬೇಕು, ಒದ್ದೆ ಬಟ್ಟೆ ಬದಲಿಸಬೇಕು, ಮತ್ತೆ ಓಡಿ ಬಂದು ಕಾಲರಿಗೆ ಕೈ ಹಾಕಬೇಕು. ಎರಡನೇ ದಿನಕ್ಕೆ ಅವಳು ನಿಂತಲ್ಲೇ ತೂಕಡಿಸತೊಡಗಿದಳು.

ನೋಡಲು ಬಂದವರಿಗೇನೂ ಕಡಿಮೆ ಇರಲಿಲ್ಲ.

"ಏನ್ ರೇಡಿಯೋ, ಸ್ಟೇಷನ್ ಹಿಡಿಯೋದಿಲ್ವಾ?" ಎಂದ ಎದುರಂಗಡಿಯ ಬಡಗಿ.

"ಇರಲಿ ಬಿಡಿ, ನಮ್ಮ ಕಿವಿಗೂ ನಾಲ್ಕು ದಿನ ರಜ" ಎಂದಳು ಅವನ ಹೆಂಡತಿ.

ರೇಡಿಯೋ ಮಂಚದಿಂದಲೇ ಮುಷ್ಟಿ ತೋರಿಸಿದ. ಎಲ್ಲರೂ ನಕ್ಕರು. ಅವನೂ ನಗಲು ಹೋಗಿ, ನೋವಾಗಿ, ಕಣ್ಣು ಮುಚ್ಚಿಕೊಂಡ.

ಅವನ ತಾಯಿಯನ್ನು ಬೀದಿಯಲ್ಲಿ ಗರಿಗರಿ ಅಜ್ಜಿ ಅನ್ನುತ್ತಾರೆ. ಹುಡುಗಿಯಾಗಿದ್ದಾಗಿನಿಂದ ಇಸ್ತ್ರಿ ಮೇಜಿನ ಮುಂದೆ ನಿಂತವಳು. ಈಗ ಬೆನ್ನು ಬಗ್ಗಿದೆ, ಆದರೂ ಅವಳು ಮಡಿಸಿದ ಅಂಗಿಯ ಅಂಚು ಬಗ್ಗುವುದಿಲ್ಲ. ಅವಳ ಹತ್ತಿರ ಎಲ್ಲ ನೋವಿಗೂ ಒಂದೇ ಮದ್ದು. ಸೊಂಟ ಹಿಡಿದರೆ ಕಾವು, ಮಂಡಿ ಹಿಡಿದರೆ ಕಾವು, ಸೊಸೆಗೆ ಹೊಟ್ಟೆನೋವು ಬಂದರೂ ಕಾವು. ಹಳೇ ಹತ್ತಿಬಟ್ಟೆಯನ್ನು ದಪ್ಪಗೆ ಮಡಿಸಿ, ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿ, ಬಿಸಿಯಾದ ಕೂಡಲೇ ನೋವಿದ್ದಲ್ಲಿ ಇಡುವುದು. "ಬಿಸಿ ತಗುಲ್ತಾ?" ಎಂದು ಕೇಳುವುದು. "ಹಾ, ಸಾಕು" ಅಂದರೆ ತೆಗೆಯುವುದು. ಇಲ್ಲ ಅಂದರೆ ಇನ್ನಷ್ಟು ಬಿಸಿ ಮಾಡುವುದು. ಆ ಮನೆಯಲ್ಲಿ ಕಾವಿಗೆ ಇದ್ದ ಅಳತೆ ಅದೊಂದೇ, ಮತ್ತು ಅದು ಯಾವತ್ತೂ ತಪ್ಪಿರಲಿಲ್ಲ.

ಮಗನ ಮುಖ ಊದಿದ್ದು ನೋಡಿ ಅಜ್ಜಿ ತಡೆಯಲಾರದೆ ಹೋದಳು.

"ಕುಂಬಳಕಾಯಿ ಆಗಿದೆಯಲ್ಲೇ ಮುಖ! ಆಸ್ಪತ್ರೆಯವರು ಕೊಯ್ದು ಕಳಿಸಿದರು, ಊತ ಇಳಿಸೋರು ಯಾರು?"

"ಅತ್ತೆ, ಅಲ್ಲಿ ಏನೋ ತಂಪು ಇಡಿ ಅಂದ ಹಾಗಿತ್ತು..." ಸೊಸೆಗೆ ಸರಿಯಾಗಿ ನೆನಪಿರಲಿಲ್ಲ.

"ತಂಪಂತೆ ತಂಪು! ತಂಪು ಇಟ್ಟರೆ ರಕ್ತ ಹೆಪ್ಪುಗಟ್ಟೋದಿಲ್ವಾ? ಕಾವು ಕೊಟ್ಟರೆ ಕರಗುತ್ತೆ. ಇಷ್ಟು ವರ್ಷ ಕಾವು ಕೊಟ್ಟಿದ್ದೀನಿ, ಯಾರ ಮೂಳೆ ಉದುರಿದೆ ಹೇಳು?"

ಸೊಸೆಗೆ ವಾದ ಮಾಡುವ ತ್ರಾಣ ಇರಲಿಲ್ಲ. ಹಿರಿಯರು ಒಂದು ಕೆಲಸ ಕೈಗೆತ್ತಿಕೊಂಡರೆ ತನಗೆ ಒಂದು ಕೆಲಸ ಕಡಿಮೆ ಎನ್ನಿಸಿತು. ದಣಿದವರ ತಲೆ ಹೀಗೇ ಓಡುವುದು.

ಅಜ್ಜಿ ಬಿಸಿ ಬಟ್ಟೆ ತಂದು ಮಗನ ಗದ್ದಕ್ಕೆ ಇಟ್ಟಳು. ಮಾತಿಲ್ಲದ ಅವನಿಗೆ ಮನೆಯವರು ಒಂದು ಸನ್ನೆ ಮಾಡಿಕೊಟ್ಟಿದ್ದರು. ಮಂಚದ ಕಟ್ಟನ್ನು ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ.

"ಬಿಸಿ ತಗುಲ್ತಾ ಮಗಾ?"

ಟಕ್ ಟಕ್.

"ಆರಿಹೋಯ್ತು ಅನ್ಸುತ್ತೆ, ತಾಳು." ಇನ್ನೊಮ್ಮೆ ಪೆಟ್ಟಿಗೆ ಒತ್ತಿ ತಂದಳು. "ಈಗ?"

ಟಕ್ ಟಕ್.

"ಅಯ್ಯೋ ಶಿವನೇ, ಎಷ್ಟು ಒಳಗಿದೆಯಪ್ಪಾ ನಿನ್ನ ನೋವು!" ಎನ್ನುತ್ತಾ ಅಜ್ಜಿ ಮತ್ತೆ ಪರದೆ ಸರಿಸಿ ಬಂದು, ಇಸ್ತ್ರಿಪೆಟ್ಟಿಗೆಯ ಬಿಸಿ ಇನ್ನೂ ಏರಿಸಿದಳು.

ಮರುದಿನಕ್ಕೆ ಊತ ಇಳಿದಿರಲಿಲ್ಲ, ಏರಿತ್ತು. ಎಡಗಣ್ಣು ಅರ್ಧ ಮುಚ್ಚಿತ್ತು. ಗದ್ದದ ಮೇಲೆ ಕೆಂಪಗೆ ಒಂದು ತೇಪೆ. ಅದಕ್ಕಿಂತ ಹೆದರಿಕೆಯ ಸಂಗತಿ ಇನ್ನೊಂದು. ಅವನು ಕುಡಿಯುವುದನ್ನು ಬಿಟ್ಟುಬಿಟ್ಟಿದ್ದ. ಹಾಲಿನ ಲೋಟ ತಂದರೆ ಟಕ್ ಟಕ್. ಗಂಜಿ ತಿಳಿ ತಂದರೆ ಟಕ್ ಟಕ್. ನೀರಿಗೂ ಟಕ್ ಟಕ್. ಹಿಂದಿನ ದಿನ ಕುಡಿಸಿದ್ದೆಲ್ಲ ತುಟಿಯ ಮೂಲೆಯಿಂದ ಸೋರಿ ಎದೆ ಮೇಲೆ ಇಳಿದಿತ್ತು. ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಬಚ್ಚಲಿಗೆ ಹೋಗುವುದೇ ಅಪರೂಪವಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗಾದೆ ಹೇಳುತ್ತೇವಲ್ಲ, ಆ ಮನೆಯಲ್ಲಿ ಅದು ಗಾದೆಯಾಗಿ ಉಳಿದಿರಲಿಲ್ಲ.

ಅಜ್ಜಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಸಿಟ್ಟು ಬಂತು.

"ಬಾಯಿ ಹೊಲಿದು ಕಳಿಸಿದರೆ ಮನುಷ್ಯ ಬದುಕೋದು ಹೇಗೆ? ದವಡೆ ಆಮೇಲೆ, ಜೀವ ಮೊದಲು. ಆ ರಬ್ಬರ್ ಕತ್ತರಿಸಿಬಿಡೋಣ. ಮೆತ್ತಗೆ ಅನ್ನ ಕಲಸಿ ಎರಡು ತುತ್ತು ಹಾಕ್ತೀನಿ."

"ಬೇಡ ಅತ್ತೆ, ಡಾಕ್ಟರ್ ಬೈತಾರೆ."

"ಯಾಕೆ ಬೈತಾರೆ? ಕತ್ತರಿ ಅವರೇ ಕೊಟ್ಟಿದ್ದಲ್ವಾ? ಕತ್ತರಿ ಕೊಡೋದು ಯಾಕಮ್ಮ, ಪೂಜೆ ಮಾಡೋಕಾ? ಕತ್ತರಿಸೋಕೆ!"

ಸೊಸೆಗೂ ಹಾಗೇ ಅನ್ನಿಸಿತು. ಹೌದಲ್ಲ, ಯಾಕೆ ಕೊಟ್ಟರು? ಅಜ್ಜಿ ಆಗಲೇ ಮಂಚದ ಪಕ್ಕದ ಮೊಳೆಯಿಂದ ಕತ್ತರಿ ತೆಗೆದು, ಕನ್ನಡಕ ಹುಡುಕುತ್ತಿದ್ದಳು. ಗಂಡ ಮಂಚದ ಮೇಲಿಂದ ಹೆಂಡತಿಯ ಮುಖ ನೋಡಿದ. ಹೌದೆಂದೂ ಬಡಿಯಲಿಲ್ಲ, ಇಲ್ಲವೆಂದೂ ಬಡಿಯಲಿಲ್ಲ. ಅವನಿಗೂ ಸಾಕಾಗಿತ್ತು.

ಹೆಂಡತಿ ಅತ್ತೆಯ ಕೈಯಿಂದ ಕತ್ತರಿ ಕಿತ್ತುಕೊಂಡಳು. ಮದುವೆಯಾಗಿ ಬಂದ ಮೇಲೆ ಅತ್ತೆಯ ಕೈಯಿಂದ ಏನನ್ನಾದರೂ ಕಿತ್ತುಕೊಂಡಿದ್ದು ಅದೇ ಮೊದಲು. ಮುಖ ನೋಡುವ ಧೈರ್ಯ ಆಗಲಿಲ್ಲ. ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಜಿನ ಮೇಲಿದ್ದ ಬಿಳಿ ಬಟ್ಟೆಯ ಗಂಟು ಎತ್ತಿಕೊಂಡು, "ನರ್ಸಕ್ಕನ ಬಟ್ಟೆ ಕೊಟ್ಟು ಬರ್ತೀನಿ" ಎಂದು ಹೊರಗೆ ನಡೆದುಬಿಟ್ಟಳು.

ನರ್ಸಕ್ಕ ಅದೇ ದೊಡ್ಡಾಸ್ಪತ್ರೆಯ ಬೇರೆ ವಾರ್ಡಿನಲ್ಲಿ ಕೆಲಸ ಮಾಡುವವಳು, ಹಿಂದಿನ ಬೀದಿಯಲ್ಲೇ ಮನೆ. ಅವಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದುದು ಇವರೇ. ಮೊದಲೇ ಅವಳನ್ನು ಕೇಳಬಹುದಿತ್ತು. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದವಳಿಗೆ ನಮ್ಮದೊಂದು ಗೋಳು ಯಾಕೆ ಎಂದು ಕೇಳಿರಲಿಲ್ಲ.

ನರ್ಸಕ್ಕ ಬಾಗಿಲು ತೆಗೆದು ಮೇಲಿಂದ ಕೆಳಗೆ ನೋಡಿದಳು.

"ಬಟ್ಟೆ ಕೊಡೋಕೆ ಬಂದವಳು ಸೊಂಟದಲ್ಲಿ ಕತ್ತರಿ ಇಟ್ಕೊಂಡು ಬಂದಿದ್ದೀಯಲ್ಲ, ನಾನೇನಾದ್ರೂ ಬಾಕಿ ಉಳಿಸಿಕೊಂಡಿದ್ದೀನಾ?"

ಹೆಂಡತಿಗೆ ನಗು ಬರಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಗಂಡ ಕುಡಿಯುತ್ತಿಲ್ಲ, ಅತ್ತೆ ರಬ್ಬರ್ ಕತ್ತರಿಸಲು ಹೊರಟಿದ್ದಾರೆ, ಅದಕ್ಕೇ ಕತ್ತರಿಯನ್ನೇ ತಂದುಬಿಟ್ಟೆ ಎಂದಳು.

ನರ್ಸಕ್ಕನ ಮುಖ ಬದಲಾಯಿತು. "ಅಂದ್ರೆ ಈಗ ಅವನ ಹತ್ತಿರ ಕತ್ತರಿ ಇಲ್ಲ?"

"ಇಲ್ಲ. ಇಲ್ಲೇ ಇದೆ."

"ನಡಿ ಮೊದಲು. ದಾರಿಯಲ್ಲಿ ಹೇಳ್ತೀನಿ." ಚಪ್ಪಲಿ ಮೆಟ್ಟಿಕೊಂಡೇ ಹೊರಟಳು. "ಅವನಿಗೆ ವಾಂತಿ ಬಂದು, ಬಾಯಲ್ಲಿ ತುಂಬಿಕೊಂಡು, ಉಸಿರು ಕಟ್ಟಿತು ಅಂದುಕೋ. ಆಗ ಆ ರಬ್ಬರ್ ಕತ್ತರಿಸಿ ಬಾಯಿ ಬಿಡಿಸಬೇಕು. ಅದೊಂದಕ್ಕೇ ಈ ಕತ್ತರಿ. ಅನ್ನ ತಿನ್ನಿಸೋಕಲ್ಲ. ಅತ್ತೆ ಕತ್ತರಿಸೋಕೆ ಹೊರಟದ್ದೂ ತಪ್ಪು, ನೀನು ಎತ್ತಿಕೊಂಡು ಬಂದದ್ದೂ ತಪ್ಪು. ಕತ್ತರಿ ಅವನ ಕೈಗೆಟುಕೋ ಹಾಗೇ ಇರಬೇಕು."

ಹೆಂಡತಿ ಓಡತೊಡಗಿದಳು. ಹಿಂದಿನ ಬೀದಿ ಅಂದರೆ ಎಷ್ಟು ದೂರ, ಕೂಗಿದರೆ ಕೇಳುವಷ್ಟು. ಆದರೆ ಅವನಿಗೆ ಕೂಗಲು ಆಗುವುದಿಲ್ಲವಲ್ಲ.

ಇಬ್ಬರೂ ಅಂಗಡಿಗೆ ನುಗ್ಗಿದಾಗ ಅವನಿಗೆ ಏನೂ ಆಗಿರಲಿಲ್ಲ. ಮಂಚದ ಮೇಲೆ ಕೂತೇ ಇದ್ದ. ಅಜ್ಜಿ ಮತ್ತೆ ಬಿಸಿ ಬಟ್ಟೆ ಹಿಡಿದು ಅವನ ಗದ್ದದ ಹತ್ತಿರ ಬಗ್ಗಿದ್ದಳು.

"ತೆಗೀರಿ ಅಜ್ಜಿ ಅದನ್ನ!" ನರ್ಸಕ್ಕ ಕೂಗಿದ ರೀತಿಗೆ ಎದುರಂಗಡಿಯ ಬಡಗಿಯ ಉಳಿ ನಿಂತಿತು.

"ಯಾಕಮ್ಮ? ಕಾವು ಕೊಟ್ಟರೆ ತಪ್ಪಾ?"

ನರ್ಸಕ್ಕ ಮಂಚದ ಹತ್ತಿರ ಬಂದಳು. ಅವನ ಕಣ್ಣು ಮುಚ್ಚಿಸಿದಳು. ಒಂದು ಚಮಚವನ್ನು ತಣ್ಣೀರಲ್ಲಿ ಅದ್ದಿ ಹಣೆಗೆ ಮುಟ್ಟಿಸಿ, "ಗೊತ್ತಾಯ್ತಾ?" ಎಂದಳು. ಟಕ್. ಕೆನ್ನೆಯ ಮೇಲ್ಭಾಗಕ್ಕೆ ಮುಟ್ಟಿಸಿದಳು. ಟಕ್. ಕೆಳತುಟಿಗೆ ಮುಟ್ಟಿಸಿದಳು. ಸದ್ದಿಲ್ಲ. ಗದ್ದಕ್ಕೆ ಒತ್ತಿದಳು. ಸದ್ದಿಲ್ಲ. ಚಮಚ ಅಲ್ಲೇ ಇತ್ತು, ಅವನು ಇನ್ನೂ ಮುಟ್ಟುವುದನ್ನೇ ಕಾಯುತ್ತಿದ್ದ.

"ನೋಡಿದ್ರಾ ಅಜ್ಜಿ? ಗದ್ದ, ಕೆಳತುಟಿ ಮರಗಟ್ಟಿದೆ. ದವಡೆಯೊಳಗೆ ಹೋಗೋ ನರಕ್ಕೆ ಪೆಟ್ಟು ಬಿದ್ದಾಗ ಹೀಗಾಗುತ್ತೆ. ಹೆಚ್ಚಿನವರಿಗೆ ನಿಧಾನಕ್ಕೆ ಸರಿಹೋಗುತ್ತೆ. ಅಲ್ಲಿವರೆಗೂ ಬಿಸಿ ಇಟ್ಟರೂ ಗೊತ್ತಾಗೋದಿಲ್ಲ, ಸುಟ್ಟರೂ ಗೊತ್ತಾಗೋದಿಲ್ಲ."

ಅಜ್ಜಿ ಕೈಯಲ್ಲಿದ್ದ ಬಟ್ಟೆ ನೋಡಿದಳು. ಮಗನ ಗದ್ದ ನೋಡಿದಳು. ಕೆಂಪು ತೇಪೆಯ ನಡುವೆ ಒಂದು ಸಣ್ಣ ಬೊಬ್ಬೆ ಎದ್ದಿತ್ತು.

"ನಾನು ಕೇಳ್ತಾನೇ ಇದ್ದೆನಲ್ಲಮ್ಮ... ಬಿಸಿ ತಗುಲ್ತಾ, ಬಿಸಿ ತಗುಲ್ತಾ ಅಂತ. ಇಲ್ಲ ಅಂದ. ಇಲ್ಲ ಅಂದದ್ದಕ್ಕೇ ಅಲ್ವಾ ನಾನು..."

"ಅವನು ಸುಳ್ಳು ಹೇಳಲಿಲ್ಲ. ನೀವೂ ಬೇಕಂತ ಮಾಡಲಿಲ್ಲ. ಕೇಳಬೇಕಾಗಿದ್ದು ಅವನ ಗದ್ದವನ್ನಲ್ಲ, ನಿಮ್ಮ ಅಂಗೈಯನ್ನ."

ಅಜ್ಜಿ ಮೂಲೆಯಲ್ಲಿ ಕುಸಿದು ಕೂತಳು. ಇಷ್ಟು ಹೊತ್ತು ಗಟ್ಟಿಯಾಗಿದ್ದವಳು ಈಗ ನಿಜವಾಗಿಯೂ ಮುದುಕಿಯ ಹಾಗೆ ಕಂಡಳು. ಮಗ ಕೈ ಚಾಚಿ ತಾಯಿಯ ತಲೆ ಮೇಲೆ ಇಟ್ಟ. ಹೇಳಬೇಕಾದದ್ದು ಅಷ್ಟರಲ್ಲೇ ಬಂತು.

ನರ್ಸಕ್ಕ ಕೆಂಪಾದ ಜಾಗಕ್ಕೆ ತಣ್ಣೀರಿನ ಶುಭ್ರ ಬಟ್ಟೆ ಇಟ್ಟು, "ಬೊಬ್ಬೆ ಒಡೀಬೇಡಿ, ಮನೆಮದ್ದು ಹಚ್ಚಬೇಡಿ" ಎಂದಳು. ಕತ್ತರಿಯನ್ನು ಮತ್ತೆ ಮಂಚದ ಪಕ್ಕದ ಮೊಳೆಗೆ ತಗುಲಿಸಿದಳು. ಆಪರೇಷನ್ ಮಾಡಿದ ವಾರ್ಡಿಗೆ ಫೋನ್ ಮಾಡಿ ಎಲ್ಲ ವಿವರ ಹೇಳಿದಳು. ನಾಳೆ ಬೆಳಗ್ಗೆ ಕರೆತನ್ನಿ, ಅಷ್ಟರೊಳಗೆ ಜ್ವರ ಬಂದರೆ, ಏನೂ ಕುಡಿಯದಿದ್ದರೆ ಈಗಲೇ ಬನ್ನಿ ಎಂದರು ಅಲ್ಲಿಯವರು.

"ಅಜ್ಜಿ, ಒಂದು ಮಾತು ಕೇಳ್ತೀನಿ. ಬಣ್ಣದಲ್ಲಿ ಅದ್ದಿದ ಹಸಿ ಬಟ್ಟೆ ಮೇಲೆ ಕಾದ ಇಸ್ತ್ರಿ ಇಡ್ತೀರಾ?"

"ಯಾವ ಹುಚ್ಚರು ಇಡ್ತಾರೆ? ಬಣ್ಣ ಬಿಟ್ಟು ಎಲ್ಲ ಕಡೆ ಹರಡುತ್ತೆ."

"ಒಳಗಿನ ಹಸಿ ಗಾಯವೂ ಹಾಗೇ. ಮೊದಲ ದಿನಗಳಲ್ಲಿ ಬಿಸಿ ಇಟ್ಟರೆ ರಕ್ತ ಹೆಚ್ಚು ಹರಿದು ಊತ ಏರುತ್ತೆ. ಈಗ ತಂಪೇ ಇಡಬೇಕು. ಅದೂ ಐಸನ್ನ ನೇರವಾಗಿ ಅಲ್ಲ, ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಇಟ್ಟು ತೆಗೆಯೋದು. ಮರಗಟ್ಟಿದ ಚರ್ಮಕ್ಕೆ ಬಿಸಿಯೂ ಗೊತ್ತಾಗೋದಿಲ್ಲ, ಕೊರೆಯೋ ತಂಪೂ ಗೊತ್ತಾಗೋದಿಲ್ಲ. ಆಮೇಲೆ ಯಾವತ್ತಾದ್ರೂ ಕಾವು ಬೇಕಾ ಬೇಡವಾ ಅಂತ ಡಾಕ್ಟರ್ ಹೇಳ್ತಾರೆ. ಊತ ಎರಡು ಮೂರು ದಿನ ಏರಿ ಆಮೇಲೆ ಇಳಿಯೋದು ಸಹಜ, ಅದಕ್ಕೆ ಗಾಬರಿ ಬೇಡ."

"ಊತದ ಮಾತು ಸರಿ. ಹೊಟ್ಟೆಗೆ?" ಅಜ್ಜಿ ಸುಲಭಕ್ಕೆ ಬಿಡುವವಳಲ್ಲ. "ಹಲ್ಲು ಗೋಡೆ ಕಟ್ಟಿದ ಹಾಗೆ ಕೂತಿದೆ. ಹಾಲು ಎಲ್ಲಿಂದ ಹೋಗಬೇಕು, ಕಿವಿಯಿಂದಲಾ?"

"ಗೋಡೆ ಇದ್ದ ಮೇಲೆ ಹಿತ್ತಿಲ ಬಾಗಿಲು ಇರೋದಿಲ್ವಾ? ಕೊನೆ ಹಲ್ಲಿನ ಹಿಂದೆ ಸಂದಿ ಇದೆ. ನೀವೇ ಹಲ್ಲು ಕಚ್ಚಿ ಹಿಡಿದು ನಾಲಿಗೆಯಲ್ಲಿ ಹುಡುಕಿ ನೋಡಿ."

"ಕಚ್ಚೋಕೆ ನನಗೆ ಹಲ್ಲೆಲ್ಲಿದೆಯೇ ತಾಯಿ! ಇರೋ ಎರಡೂ ಒಂದರ ಮುಖ ಒಂದು ನೋಡೋದಿಲ್ಲ."

ರೇಡಿಯೋನ ಮೂಗಿನಿಂದ ಒಂದು ನಗು ಹೊರಟಿತು. ಕೂಡಲೇ ಕೆನ್ನೆ ಹಿಡಿದುಕೊಂಡು, ದಯವಿಟ್ಟು ನಗಿಸಬೇಡಿ ಎಂದು ಕೈ ಮುಗಿದ.

ವಾರ್ಡಿನವರು ಕೊಟ್ಟ ಚೀಲದಲ್ಲಿ ಸೂಜಿಯಿಲ್ಲದ ದೊಡ್ಡ ಸಿರಿಂಜು, ಅದರ ತುದಿಗೆ ಹಾಕುವ ಮೆತ್ತನೆ ನಳಿಗೆ ಹಾಗೇ ಇತ್ತು. ಇಂಜೆಕ್ಷನ್ ಕೊಡುವುದಕ್ಕೆ ಎಂದುಕೊಂಡು ಹೆಂಡತಿ ಅದನ್ನು ಮುಟ್ಟಿರಲಿಲ್ಲ. ನರ್ಸಕ್ಕ ಅದನ್ನು ತೊಳೆಸಿ, ಉಗುರುಬೆಚ್ಚಗಿನ ಹಾಲು ತುಂಬಿ, ಮೊದಲು ತನ್ನ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಿದಳು. ಬೆನ್ನಿಗೆ ದಿಂಬು ಕೊಟ್ಟು ನೇರ ಕೂರಿಸಿದಳು. ನಳಿಗೆಯನ್ನು ಕೆನ್ನೆಯ ಒಳಗಿಂದ ಹಿಂದಕ್ಕೆ ಸರಿಸಿ ಸ್ವಲ್ಪವೇ ಒತ್ತಿದಳು.

"ಅವಸರ ಬೇಡ. ನುಂಗು. ನುಂಗಿದೆಯಾ? ಟಕ್ ಅನ್ನು, ಆಮೇಲೆ ಮುಂದಿನದು."

ಟಕ್.

ಅತ್ತೆಸೊಸೆ ಇಬ್ಬರೂ ಹತ್ತಿರ ಬಗ್ಗಿದರು. ನರ್ಸಕ್ಕ ಇನ್ನಷ್ಟು ಒತ್ತಿದಳು. ಟಕ್. ಗಂಟಲು ಮೇಲೆ ಕೆಳಗೆ ಆಡುವುದನ್ನು ಅಜ್ಜಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು, ತಾನೇ ಕುಡಿಯುತ್ತಿದ್ದಾಳೋ ಎನ್ನುವ ಹಾಗೆ. ತುಟಿಯಿಂದ ಸ್ವಲ್ಪ ಸೋರಿತು. ಅವನು ತಟ್ಟನೆ ಕೈಯೆತ್ತಿ ಸಾಕು ಎಂದ.

"ಯಾಕೆ? ನೋವಾ?"

ಟಕ್ ಟಕ್.

"ವಾಕರಿಕೆಯಾ?"

ಟಕ್ ಟಕ್.

ಅವನು ತನ್ನ ಎದೆ ಮೇಲಿನ ಒದ್ದೆ ತೋರಿಸಿದ. ಮೂಲೆಯಲ್ಲಿ ರಾಶಿ ಬಿದ್ದಿದ್ದ ಒದ್ದೆ ಬಟ್ಟೆ ತೋರಿಸಿದ. ಆಮೇಲೆ ಹೆಂಡತಿಯ ಕಡೆ ಬೆರಳು ಮಾಡಿ, ಎರಡು ಅಂಗೈ ಜೋಡಿಸಿ ಕೆನ್ನೆಗಿಟ್ಟು ನಿದ್ದೆ ಎಂದು ತೋರಿಸಿ, ಇಲ್ಲ ಎಂದು ಕೈ ಆಡಿಸಿದ.

ಹೆಂಡತಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕುಡಿದರೆ ಸೋರುತ್ತದೆ. ಸೋರಿದರೆ ಅವಳು ಒರೆಸಬೇಕು, ಒಗೆಯಬೇಕು. ಅವಳು ಮಲಗಿಲ್ಲ. ಅದಕ್ಕೇ ಅವನು ಕುಡಿಯುವುದನ್ನೇ ಬಿಟ್ಟಿದ್ದ.

ಅವಳಿಗೆ ಅಳುವೂ ಬಂತು, ಕೋಪವೂ ಬಂತು.

"ಏನ್ರೀ ನೀವು? ನನ್ನ ಎರಡು ಬಟ್ಟೆ ಉಳಿಸೋಕೆ ನೀವು ಒಣಗಿ ಹೋಗ್ತೀರಾ? ಊರವರ ಬಟ್ಟೆ ನೋಡಿಕೊಳ್ಳೋಳಿಗೆ ಗಂಡನ ಅಂಗಿ ಭಾರ ಆಗುತ್ತಾ? ಕುಡೀರಿ ಸುಮ್ಮನೆ!"

ಅವನು ಕುಡಿದ. ಸೋರಿತು. ಕುಡಿದ. ಆ ಹೊತ್ತು ಒಂದು ಲೋಟ ಹಾಲು ಒಳಗೆ ಹೋಯಿತು.

ನರ್ಸಕ್ಕ ಹೊರಡುವ ಮೊದಲು ಇನ್ನೂ ಒಂದಷ್ಟು ಹೇಳಿದಳು. ಈ ಸಲ ತಲೆ ಆಡಿಸಲು ಬಿಡಲಿಲ್ಲ. ಹೇಳಿದ್ದನ್ನು ತಿರುಗಿ ಹೇಳಿ ಎಂದು ಅತ್ತೆಸೊಸೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು.

"ಕುಡಿಸಿದ ಮೇಲೆ ಪ್ರತಿ ಸಲ ಏನು ಮಾಡ್ತೀರಿ?"

"ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಬಾಯಿ ತೊಳೆಸೋದು" ಎಂದಳು ಸೊಸೆ. "ಮಕ್ಕಳ ಮೆತ್ತನೆ ಬ್ರಷ್ ತಗೊಂಡು ಹಲ್ಲಿನ ಹೊರಗಡೆ ಮಾತ್ರ ಉಜ್ಜೋದು, ಹೊಲಿಗೆ ಮುಟ್ಟದ ಹಾಗೆ."

"ಮಲಗಿಸೋದು?"

"ತಲೆ ಎತ್ತರದಲ್ಲಿ. ಸಪಾಟಾಗಿ ಮಲಗಿಸಬಾರದು."

"ವಾಂತಿ ಬಂದರೆ? ಅಜ್ಜಿ, ನೀವು ಹೇಳಿ."

ಅಜ್ಜಿ ಶಾಲೆಯ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿದಳು. "ಮುಂದಕ್ಕೆ ಬಗ್ಗಿಸೋದು. ನೀರಿನ ಹಾಗಿದ್ದರೆ ಹಲ್ಲಿನ ಸಂದಿಯಿಂದ, ಮೂಗಿನಿಂದ ಬಂದುಹೋಗುತ್ತೆ. ಉಸಿರು ಕಟ್ಟಿದರೆ ಮಾತ್ರ ಕತ್ತರಿ. ಕತ್ತರಿಸಿದ ಕೂಡಲೇ ಆಸ್ಪತ್ರೆಗೆ ಓಡೋದು."

"ಮತ್ತೆ ಯಾವುದಕ್ಕೆ ಓಡಬೇಕು?"

"ರಕ್ತ ನಿಲ್ಲದಿದ್ದರೆ, ಜ್ವರ ಏರಿದರೆ, ಬಾಯಿಂದ ಕೀವು, ಕೆಟ್ಟ ವಾಸನೆ ಬಂದರೆ. ಉಸಿರಾಡೋಕೆ ಕಷ್ಟ ಆದರೆ. ಇಳಿದ ಊತ ಮತ್ತೆ ಏರಿದರೆ." ಅಜ್ಜಿ ಒಂದು ಕ್ಷಣ ನಿಂತು ಸೇರಿಸಿದಳು. "ಮತ್ತೆ ಬೀಡಿ ಇಲ್ಲ. ಇದನ್ನ ನೀನು ಹೇಳಲಿಲ್ಲ, ಮರೆತೆ."

"ಮರೆತಿದ್ದೆ" ಎಂದು ನರ್ಸಕ್ಕ ಒಪ್ಪಿಕೊಂಡಳು. "ಬೀಡಿ, ತಂಬಾಕು ಎರಡೂ ಇಲ್ಲ. ಗಾಯ ಮಾಯೋದಿಲ್ಲ." ರೇಡಿಯೋ ತಾಯಿಯ ಕಡೆ ಕಣ್ಣು ಕೆಕ್ಕರಿಸಿ ನೋಡಿದ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರ್ ಸುಟ್ಟ ಜಾಗಕ್ಕೆ ಮುಲಾಮು ಕೊಟ್ಟರು. ರಬ್ಬರುಗಳನ್ನು ಎಳೆದು ನೋಡಿದರು, ಕನ್ನಡಿ ಹಿಡಿದು ಹಲ್ಲು ನೋಡಿದರು. ಅಜ್ಜಿ ಬಾಗಿಲಲ್ಲೇ ನಿಂತು, "ಸರಿಯಾಗಿ ಕೂತಿದೆಯಾ ಸ್ವಾಮಿ?" ಎಂದು ಕೇಳಿದಳು.

"ಕೂತಿದೆ. ನಿನ್ನೆ ಇದನ್ನ ಕತ್ತರಿಸಿ ಅನ್ನ ಅಗಿಸಿದ್ದರೆ ಮೂಳೆ ಜಾರೋದು. ಹಲ್ಲಿಗೆ ಹಲ್ಲು ಸೇರದೆ ಇನ್ನೊಂದು ಆಪರೇಷನ್ ಆಗಬೇಕಿತ್ತೇನೋ."

ಅಜ್ಜಿ ಪಕ್ಕಕ್ಕೆ ತಿರುಗಿದಳು. ಸೊಸೆಯ ಕೈ ಹಿಡಿದುಕೊಂಡಳು. ಹಿಂದಿನ ದಿನ ಕತ್ತರಿ ಕಿತ್ತುಕೊಂಡ ಕೈ ಅದು. ಮನೆಗೆ ಬಂದ ಮೇಲೆ ಸಿರಿಂಜು ತಾನೇ ಎತ್ತಿಕೊಂಡಳು. ಬೇಳೆ ತರಕಾರಿ ಬೇಯಿಸಿ ಅರೆದು, ನುಣ್ಣಗೆ ಸೋಸಿ, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ, ಮಗನ ಎದುರು ಕೂತಳು. "ನೀನು ಹೋಗಿ ಮಲಗು" ಎಂದಳು ಸೊಸೆಗೆ.

"ಬಟ್ಟೆ ಇದೆ ಅತ್ತೆ."

"ಬಟ್ಟೆ ಸುಕ್ಕಾಗೇ ಇರಲಿ. ಒಂದು ದಿನ ಸುಕ್ಕು ಅಂಗಿ ಹಾಕಿಕೊಂಡರೆ ಯಾರ ಮರ್ಯಾದೆಯೂ ಹೋಗೋದಿಲ್ಲ."

ಗರಿಗರಿ ಅಜ್ಜಿಯ ಬಾಯಿಂದ ಆ ಮಾತು ಬಂದದ್ದನ್ನು ಬೀದಿಯವರು ಇವತ್ತಿಗೂ ನಂಬುವುದಿಲ್ಲ.

ಓದುತ್ತಿರುವವರೇ, ಕೇಳುತ್ತಿರುವವರೇ, ದವಡೆ ಮುರಿಯುವುದು ನಮ್ಮ ಕೈಯಲ್ಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಮೊದಲ ದಿನಗಳು ನಮ್ಮ ಕೈಯಲ್ಲಿವೆ. ಆಸ್ಪತ್ರೆಯವರು ಹೇಳುವಾಗ ತಲೆ ಆಡಿಸಿ ಬರಬೇಡಿ. ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ, ತಿಳಿದದ್ದನ್ನು ಅವರಿಗೇ ತಿರುಗಿ ಹೇಳಿ. ಸುಸ್ತಾಗಿದ್ದರೆ ಜೊತೆಗೆ ಇನ್ನೊಬ್ಬರನ್ನು ನಿಲ್ಲಿಸಿಕೊಳ್ಳಿ. ಡಾಕ್ಟರ್ ಹೇಳದೆ ಕಾವು ಕೊಡಬೇಡಿ. ಮುಖ ಮರಗಟ್ಟಿದ್ದರೆ ಬಿಸಿ ಎಷ್ಟಿದೆ ಎಂದು ಕಾಯಿಲೆಯವರನ್ನು ಕೇಳಬೇಡಿ, ನಿಮ್ಮ ಕೈ ಮೇಲೆ ನೋಡಿ. ಹಸಿವು ನೋಡಲಾರದೆ ಬಾಯಿ ಬಿಡಿಸಲು ಹೋಗಬೇಡಿ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಕುಡಿಸಿ. ಸೋರಿದರೆ ಸೋರಲಿ. ಸಂದೇಹ ಬಂದರೆ ಆಸ್ಪತ್ರೆಗೆ ಫೋನ್ ಮಾಡಿ, ಅವರಿಗೆ ತೊಂದರೆ ಎಂದು ಸಂಕೋಚ ಪಡಬೇಡಿ.

ಇನ್ನು ನೋಡಲು ಹೋಗುವವರಿಗೆ ಒಂದು ಮಾತು. ಬಾಯಿ ಕಟ್ಟಿದವನ ಮನೆಗೆ ಸೇಬು ಹಿಡಿದು ಹೋಗಬೇಡಿ, ಅವನು ಅದನ್ನು ನೋಡಿಕೊಂಡು ಕೂರಬೇಕಾಗುತ್ತದೆ. ಹೇಗಾಯ್ತು, ಎಲ್ಲಿ ಬಿದ್ದೆ ಎಂದು ಕಥೆ ಕೇಳುತ್ತಾ ಕೂರಬೇಡಿ. ಅವನ ಪಕ್ಕದಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಒಬ್ಬಳು ನಿಂತಿರುತ್ತಾಳೆ, ಅವಳನ್ನು ನೋಡಿ. ಕುಡಿಸುವುದು ಹೇಗೆ ಎಂದು ಅವಳಿಂದ ಕೇಳಿ ಕಲಿತುಕೊಳ್ಳಿ. ಆಮೇಲೆ ಅವಳ ಕೈಯಲ್ಲಿರುವ ಬಟ್ಟೆ ಇಸಿದುಕೊಂಡು, "ನೀನು ಮಲಗಮ್ಮ, ಎದ್ದೇಳೋ ತನಕ ನಾನಿದ್ದೀನಿ" ಎನ್ನಿ. ಅಂದ ಮೇಲೆ ನಿಜವಾಗಿಯೂ ಇರಿ.